ಕೈ ಒದ್ದೆ, ಬಾಯಲ್ಲಿ ಕವಳ: ಮಲೆನಾಡಿನಲ್ಲಿ ಫೋನಿಗೆ ಮಾತು ಹೇಳುವ ಕಷ್ಟ

ನಮ್ಮ ಕಡೆ ಫೋನು ಜೇಬಿನಲ್ಲೇ ಇದ್ದರೂ ಮುಟ್ಟಲಾಗದ ಕಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್. ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ನೆನಪು ಮಾಡಿಕೊಳ್ಳಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಡ್ರಮ್ಮಿನ ಹತ್ತಿರ ನಿಂತವನ ಕೈ ಮೊಣಕೈವರೆಗೆ ನೀಲಿ. ತಲೆ ಮೇಲೆ ಜಿಟಿಜಿಟಿ ಮಳೆ. ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಫೋನು ಬಡಿದುಕೊಳ್ಳಲು ಶುರು ಮಾಡುತ್ತದೆ. ಬೆರಳನ್ನು ಪಂಚೆಗೆ ಒರೆಸಿ ಹಸಿರು ಗುಂಡಿ ಎಳೆದರೆ ಅದು ಅಲ್ಲಾಡುವುದಿಲ್ಲ. ಇನ್ನೊಂದು ಸಲ ಎಳೆದರೆ ಕರೆ ಕಟ್ಟಾಗುತ್ತದೆ. ಆ ಕಡೆಯವರು ಬೇಕಂತಲೇ ಕಟ್ ಮಾಡಿದ ಅಂದುಕೊಳ್ಳುತ್ತಾರೆ.

ಇದು ಫೋನಿನ ಕೇಡಲ್ಲ, ಗಾಜಿನ ಗುಣ. ಈಗಿನ ಟಚ್ ಪರದೆಯ ಕೆಳಗೆ ಸಣ್ಣ ವಿದ್ಯುತ್ತಿನ ಜಾಲ ಇರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿಯ ವಿದ್ಯುತ್ ತುಸು ಏರುಪೇರಾಗುತ್ತದೆ. ಎಲ್ಲಿ ಏರುಪೇರಾಯಿತೋ ಅಲ್ಲಿ ಬೆರಳು ಇದೆ ಎಂದು ಫೋನು ಲೆಕ್ಕ ಹಾಕುತ್ತದೆ. ನೀರಿನ ಹನಿಯೂ ಅದೇ ಕೆಲಸ ಮಾಡುತ್ತದೆ. ಹನಿ ಯಾವುದು, ಬೆರಳು ಯಾವುದು ಎಂದು ಅದಕ್ಕೆ ಗೊಂದಲ. ರಬ್ಬರ್ ಗ್ಲೌಸ್ ಹಾಕಿದರೆ ಉಲ್ಟಾ ಕಥೆ, ಬೆರಳು ಇದೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ಬಾಯಿ ಮಾತಿನಲ್ಲೇ ಫೋನು ನಡೆಸುವ ಸೌಲಭ್ಯ ಎಲ್ಲಾದರೂ ನಿಜಕ್ಕೂ ಬೇಕಾಗಿದ್ದರೆ ಅದು ಇಂಥ ಊರಿಗೆ. ತಮಾಷೆ ಏನೆಂದರೆ, ಬೆರಳನ್ನು ಕೆಡಿಸುವ ಮಳೆಯೇ ಮಾತನ್ನೂ ಕೆಡಿಸುತ್ತದೆ. ತಗಡಿನ ಮಾಡಿನ ಕೆಳಗೆ ನಿಂತು ಫೋನಿಗೆ ಏನಾದರೂ ಹೇಳಿ ನೋಡಿ. ಫೋನಿನಲ್ಲಿ ಎರಡು ಮೂರು ಮೈಕು ಇರುತ್ತವೆ, ಸುತ್ತಲಿನ ಗದ್ದಲ ಕಳೆದು ನಿಮ್ಮ ದನಿಯನ್ನು ಮಾತ್ರ ಉಳಿಸಿಕೊಳ್ಳಲು ಅದು ನೋಡುತ್ತದೆ. ಫ್ಯಾನಿನ ಗುಂಯ್ ಸದ್ದನ್ನು ಕಳೆಯುವುದು ಸುಲಭ. ಮಳೆಯ ಸದ್ದು ಹಾಗಲ್ಲ. ಸ, ಶ, ಹ ಅನ್ನುವಾಗ ಬಾಯಿಂದ ಬರುವ ಗಾಳಿಯ ಸದ್ದೂ ಮಳೆಯ ಸದ್ದೂ ಒಂದೇ ಜಾತಿ. ಗದ್ದಲ ಕಳೆಯಲು ಹೋದರೆ ಈ ಅಕ್ಷರಗಳೂ ಅದರ ಜೊತೆ ಹೋಗುತ್ತವೆ. ಬಾಯಿಯ ಹತ್ತಿರ ಮೈಕು ಇರುವ ಇಯರ್‌ಫೋನ್ ಹಾಕಿಕೊಂಡರೆ ಎಷ್ಟೋ ವಾಸಿ. ಆದರೆ ಔಷಧಿ ಹೊಡೆಯುವಾಗ ಯಾರು ಹಾಕಿಕೊಳ್ಳುತ್ತಾರೆ, ಅಲ್ವಾ?

ಮಳೆ ಬಿಡಿ, ಅದು ನಾಲ್ಕು ತಿಂಗಳ ಮಾತು. ವರ್ಷವಿಡೀ ಇರುವ ತೊಡಕು ಬೇರೆ. ಅಂಗಡಿಯಲ್ಲಿ ಫೋನು ಕೊಳ್ಳುವಾಗ “ಇದಕ್ಕೆ ಕನ್ನಡ ಬರುತ್ತಾ?” ಎಂದು ಕೇಳುತ್ತೇವೆ. “ಬರುತ್ತೆ” ಅನ್ನುತ್ತಾರೆ. ಸುಳ್ಳಲ್ಲ. ಆದರೆ ಈ “ಬರುತ್ತೆ” ಒಳಗೆ ಮೂರು ಬೇರೆ ಬೇರೆ ಕೆಲಸ ಸೇರಿಕೊಂಡಿದೆ.

ಒಂದು, ನಾವು ಹೇಳಿದ್ದನ್ನು ಟೈಪ್ ಮಾಡಿಕೊಡುವುದು. ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿಸಿದ್ದು 2017ರ ಆಗಸ್ಟ್‌ನಲ್ಲಿ, ತಮಿಳು, ತೆಲುಗು, ಮರಾಠಿ, ಬಂಗಾಳಿ ಮುಂತಾದವುಗಳ ಜೊತೆಗೆ. ಎರಡು, ಕೇಳಿದ್ದಕ್ಕೆ ಉತ್ತರ ಕೊಡುವುದು, ಅಲಾರಂ ಇಡುವುದು, ಯಾರಿಗೋ ಕರೆ ಹಚ್ಚುವುದು. ಗೂಗಲ್ ಅಸಿಸ್ಟೆಂಟ್‌ಗೆ ಕನ್ನಡ ಬಂದದ್ದು 2019ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಗೂಗಲ್‌ನದೇ ಎಐ ಆದ ಜೆಮಿನಿ ಲೈವ್‌ಗೂ ಕನ್ನಡ ಪ್ರಕಟವಾಯಿತು, ಈಗ ಅದರ ಜೊತೆ ಹರಟೆಯನ್ನೇ ಹೊಡೆಯಬಹುದು. ಇವೆರಡೂ ಚೆನ್ನಾಗಿಯೇ ನಡೆಯುತ್ತಿವೆ. ನನ್ನ ಅರ್ಧ ಬರಹ ಇವತ್ತು ಬಾಯಲ್ಲೇ ಟೈಪ್ ಆಗುತ್ತದೆ.

ಮೂರನೆಯದು ಪರದೆಯನ್ನೇ ನಡೆಸುವುದು. ಯಾವ ಆ್ಯಪ್ ತೆರೆದಿದ್ದರೂ ಅದರ ಯಾವ ಗುಂಡಿಯನ್ನಾದರೂ ಮಾತಿನಿಂದ ಒತ್ತುವುದು, ಮೇಲೆ ಕೆಳಗೆ ಸರಿಸುವುದು, ಹಿಂದಕ್ಕೆ ಬರುವುದು. ಕೈಯೇ ಬೇಡ ಅನ್ನುವ ಮಾತು ನಿಜವಾಗುವುದು ಇಲ್ಲಿ ಮಾತ್ರ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ವಾಯ್ಸ್ ಆ್ಯಕ್ಸೆಸ್ ಎಂಬ ಆ್ಯಪ್ ಇದೆ, 2018ರಲ್ಲಿ ಎಲ್ಲರಿಗೂ ಸಿಕ್ಕಿತು. ಐಫೋನ್‌ನಲ್ಲಿ 2019ರ ಐಒಎಸ್ 13ರಿಂದ ವಾಯ್ಸ್ ಕಂಟ್ರೋಲ್ ಇದೆ. ನಾನು ಇದನ್ನು ಬರೆಯುವ ಹೊತ್ತಿಗೆ ಎರಡರ ಭಾಷಾ ಪಟ್ಟಿಯಲ್ಲೂ ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಇವೆ, ಕನ್ನಡ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದವರು 4.37 ಕೋಟಿ ಜನ. ಮಂದಿ ಕಡಿಮೆ ಇದ್ದಾರೆ ಅನ್ನುವ ಸಬೂಬು ನಡೆಯುವುದಿಲ್ಲ.

ದುಡ್ಡಿನ ವಿಷಯದಲ್ಲೂ ಇದೇ ಸಾಲು. 2023ರ ಸೆಪ್ಟೆಂಬರ್‌ನಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ “ಹಲೋ ಯುಪಿಐ” ಎಂದು ಮಾತಿನಿಂದ ಹಣ ಕಳಿಸುವ ವ್ಯವಸ್ಥೆ ಪ್ರಕಟಿಸಿದಾಗ ಮೊದಲ ಪಂಕ್ತಿಯಲ್ಲಿ ಕೂತದ್ದು ಹಿಂದಿ, ಇಂಗ್ಲಿಷ್.

ಈ ಮೂರನೆಯ ಕೆಲಸ ಯಾಕೆ ಮುಖ್ಯ ಎಂದು ನನಗೆ ಗೊತ್ತಾದದ್ದು ನನ್ನ ಚಿಕ್ಕಪ್ಪನ ಮಗನಿಂದ. ಅವನು ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುತ್ತಿದ್ದವನು. ನೆಲದ ಮೇಲೇ ನಿಂತು ಕೊನೆ ಕೊಯ್ಯುವ ಫೈಬರ್ ದೋಟಿ ನಮ್ಮ ಊರಿಗೆ ಇನ್ನೂ ಬಂದಿರಲಿಲ್ಲ. ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾದರೆ ಅದು ಯಾವ ಎತ್ತರದಲ್ಲಿ ಆಯಿತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಸೊಂಟದ ಹತ್ತಿರವಾದರೆ ಕಾಲು ಹೋಗುತ್ತದೆ. ಕುತ್ತಿಗೆಯ ಹತ್ತಿರವಾದರೆ ಕೈಯೂ ಹೋಗುತ್ತದೆ. ಅವನದು ಕುತ್ತಿಗೆ. ತೋಳು ಸ್ವಲ್ಪ ಆಡುತ್ತದೆ, ಬೆರಳು ಹಿಡಿತಕ್ಕೆ ಬರುವುದಿಲ್ಲ.

ಜಗಲಿಯ ಮಂಚದ ಪಕ್ಕ ಅಡಿಕೆ ದಬ್ಬೆಯಲ್ಲಿ ಮಾಡಿದ ಒಂದು ಸ್ಟ್ಯಾಂಡು. ಅದರ ಮೇಲೆ ಫೋನು. ಅವನು ಫೋನು ನಡೆಸುವುದನ್ನು ಮೊದಲ ಸಲ ನೋಡಿದಾಗ ನಾನು ಸುಮ್ನೆ ಕೂತುಬಿಟ್ಟೆ. ಪರದೆಯ ಮೇಲಿನ ಪ್ರತಿ ಗುಂಡಿಯ ಪಕ್ಕ ಒಂದೊಂದು ಸಣ್ಣ ನಂಬರ್ ಮೂಡಿರುತ್ತದೆ. “ಓಪನ್ ವಾಟ್ಸಾಪ್” ಅನ್ನುತ್ತಾನೆ. ತೆರೆಯುತ್ತದೆ. “ಸ್ಕ್ರಾಲ್ ಡೌನ್.” ಸರಿಯುತ್ತದೆ. “ಟ್ಯಾಪ್ ನೈನ್.” ಒಂಬತ್ತನೆಯದು ಒತ್ತಿಕೊಳ್ಳುತ್ತದೆ. “ಗೋ ಬ್ಯಾಕ್.” ಏಳನೇ ತರಗತಿಗೆ ಶಾಲೆ ಬಿಟ್ಟವನ ಬಾಯಲ್ಲಿ ಹದಿನೈದು ಇಪ್ಪತ್ತು ಇಂಗ್ಲಿಷ್ ಮಾತು, ಅಷ್ಟರಲ್ಲೇ ಇಡೀ ಫೋನು.

“ಅಣ್ಣ, ಇದಕ್ಕೆ ಒಂದ್ಸಲ ಹೇಳಿದ್ರೆ ಆಗ್ತದೆ. ಮನೆಯವ್ರಿಗೆ ಮೂರ್ಸಲ ಹೇಳ್ಬೇಕು” ಎಂದು ನಕ್ಕ. ಅವನ ಹೆಂಡತಿ ಒಳಗಿನಿಂದ ಏನೋ ಅಂದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ಇಂಗ್ಲಿಷ್ ನಂಬರ್ ಅವನಿಗೆ ಕಷ್ಟವಾಗಲಿಲ್ಲ. ಕಾರಣ ಸುಲಭ. ಸಂತೆಯಲ್ಲಿ ಲೆಕ್ಕ ಕನ್ನಡದಲ್ಲೇ ಮಾಡುವ ಅಜ್ಜಿಯೂ ಮೊಬೈಲ್ ನಂಬರ್ ಹೇಳುವಾಗ “ನೈನ್ ಫೋರ್ ಫೋರ್ ಏಯ್ಟ್” ಅಂತಲೇ ಶುರು ಮಾಡುತ್ತಾಳೆ. ಬಿಎಸ್‌ಎನ್‌ಎಲ್ ಕಾಲದಿಂದ ಬಂದ ಅಭ್ಯಾಸ. ಎಡವುವುದು ಉಚ್ಚಾರದಲ್ಲಿ. ಅವನ “ಏಯ್ಟ್” ಫೋನಿಗೆ “ಇಟ್” ಎಂದು ಕೇಳಿಸಿ ಏನೂ ಆಗದೆ ನಿಂತುಬಿಡುತ್ತದೆ. ಆಗ ಪರದೆಯನ್ನು ಸ್ವಲ್ಪ ಸರಿಸಿ, ಅದೇ ಗುಂಡಿಗೆ ಬೇರೆ ನಂಬರ್ ಬರುವ ಹಾಗೆ ಮಾಡಿಕೊಳ್ಳುತ್ತಾನೆ. ಈ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ.

ಮೆಸೇಜ್ ಬರೆಯುವಾಗ ಮಾತ್ರ ಸೋಲುತ್ತಾನೆ. ಆಜ್ಞೆ ಇಂಗ್ಲಿಷ್ ಆದ್ದರಿಂದ ಬರೆಯುವುದೂ ಇಂಗ್ಲಿಷೇ. “ಬರ್ತೀನಿ” ಅಂದರೆ ಪರದೆಯಲ್ಲಿ ಯಾವಳೋ ಭಾರತಿ ಬಂದು ಕೂರುತ್ತಾಳೆ. ಹಾಗಾಗಿ ಮೆಸೇಜ್ ಬಿಟ್ಟು ಕರೆ ಮಾಡುತ್ತಾನೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬ್ಯಾಂಕಿನ ಆ್ಯಪ್‌ನಿಂದ. ಪೆನ್ಷನ್ ಬಂತಾ ನೋಡೋಣ ಎಂದು ತೆರೆದರೆ, ನಿಮ್ಮ ಫೋನಿನಲ್ಲಿ ಅಪಾಯದ ಅನುಮತಿ ಕೊಟ್ಟಿದ್ದೀರಿ, ಅದನ್ನು ತೆಗೆಯುವ ತನಕ ಆ್ಯಪ್ ನಡೆಯುವುದಿಲ್ಲ ಎಂದು ಬಾಗಿಲು ಹಾಕಿತು. ಅಪಾಯದ ಅನುಮತಿ ಅಂದರೆ ಅವನ ಕೈಯ ಬದಲಿಗೆ ಇರುವ ಅದೇ ಸೌಲಭ್ಯ.

ಬ್ಯಾಂಕಿನವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಮಾತಿನಿಂದ ಗುಂಡಿ ಒತ್ತಬೇಕಾದರೆ ಒಂದು ಆ್ಯಪ್‌ಗೆ ಉಳಿದ ಎಲ್ಲ ಆ್ಯಪ್‌ಗಳ ಪರದೆಯನ್ನು ಓದುವ, ಅಲ್ಲಿ ಒತ್ತುವ ಅಧಿಕಾರ ಬೇಕು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಆ್ಯಕ್ಸೆಸಿಬಿಲಿಟಿ ಅನುಮತಿ ಎನ್ನುತ್ತಾರೆ. ಕಳ್ಳರಿಗೂ ಬೇಕಾದದ್ದು ಇದೇ. ವಾಟ್ಸಾಪ್‌ನಲ್ಲಿ ಆರ್‌ಟಿಒ ಚಲನ್ ಎಂದೋ, ಪಿಎಂ ಕಿಸಾನ್ ಎಂದೋ ಹೆಸರಿಟ್ಟು ಬರುವ, ಒತ್ತಿದರೆ ಆ್ಯಪ್ ಆಗಿ ಕೂರುವ ಎಪಿಕೆ ಫೈಲುಗಳ ಬಗ್ಗೆ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಇಂಥ ಫೈಲು ಹಾಕಿಕೊಂಡು ಅದು ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ, ದೂರ ಕೂತವನು ನಿಮ್ಮ ಒಟಿಪಿ ಓದಬಹುದು, ನಿಮ್ಮ ಪರದೆಯ ಮೇಲೆ ತಾನೇ ಒತ್ತಬಹುದು. ಇದಕ್ಕೇ 2022ರ ಆಂಡ್ರಾಯ್ಡ್ 13ರಿಂದ, ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗಳಿಗೆ ಈ ಅನುಮತಿ ಸುಲಭಕ್ಕೆ ಸಿಗದ ಹಾಗೆ ಗೂಗಲ್ ಅಡ್ಡಗೋಡೆ ಹಾಕಿತು. ಅದು ಸರಿ. ಆದರೆ ಕಳ್ಳನ ಆ್ಯಪ್ ಯಾವುದು, ಅಂಗವಿಕಲನ ಊರುಗೋಲು ಯಾವುದು ಎಂದು ನೋಡದೆ ಎರಡನ್ನೂ ಹೊಸ್ತಿಲಲ್ಲೇ ನಿಲ್ಲಿಸುವುದು ಸೋಮಾರಿತನ. ಫೋನಿನ ಜೊತೆಗೇ ಬರುವ, ಕಂಪನಿಯೇ ಮಾಡಿದ ಸೌಲಭ್ಯವನ್ನು ಗುರುತಿಸಿ ಒಳಗೆ ಬಿಡುವುದು ಆ್ಯಪ್ ಮಾಡುವವರಿಗೆ ಆಗದ ಕೆಲಸವೇನಲ್ಲ.

ಕಾನೂನೂ ಈಗ ಆ ಕಡೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಎಲ್ಲರ ಕೈಗೆಟಕಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಆನ್‌ಲೈನ್‌ನಲ್ಲಿ ಗುರುತು ಪರಿಶೀಲಿಸುವ ಡಿಜಿಟಲ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ಎಂದು ಕೇಳಿದರೆ ಮಿಟುಕಿಸಲಾಗದವರು ಏನು ಮಾಡಬೇಕು ಎಂಬ ಪ್ರಕರಣ ಅದು. ಆ್ಯಸಿಡ್ ದಾಳಿಗೆ ಸಿಕ್ಕವರು, ಕಣ್ಣು ಕಾಣದವರು ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿ, 20 ನಿರ್ದೇಶನ ಕೊಟ್ಟಿತು. ನನ್ನ ತಮ್ಮನ ಜಗಲಿಗೆ ಅದು ಇನ್ನೂ ಮುಟ್ಟಿಲ್ಲ, ಅಷ್ಟೇ.

ಈಗ ಕನ್ನಡದ ಪ್ರಶ್ನೆಗೆ ಬರೋಣ. ಟೈಪ್ ಮಾಡಲು ಕನ್ನಡ ಬರುವ ಫೋನಿಗೆ ಗುಂಡಿ ಒತ್ತಲು ಯಾಕೆ ಬರುವುದಿಲ್ಲ? ದನಿ ಗುರುತಿಸುವ ಕೆಲಸ ಎರಡಕ್ಕೂ ಒಂದೇ. ಗುರುತಿಸಿದ ಮೇಲೆ ಏನು ಮಾಡಬೇಕು ಎನ್ನುವುದು ಬೇರೆ. ಟೈಪಿಂಗ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಓದುವವರು ಸರಿ ಮಾಡಿಕೊಳ್ಳುತ್ತಾರೆ. ಆಜ್ಞೆಯಲ್ಲಿ ತಪ್ಪಿದರೆ ಕರೆ ಇನ್ನಾರಿಗೋ ಹೋಗುತ್ತದೆ, ಫೋಟೋ ಅಳಿಸಿ ಹೋಗುತ್ತದೆ. ಆಮೇಲೆ, ಫೋನಿನ ಭಾಷೆ ಕನ್ನಡ ಎಂದು ಇಟ್ಟುಕೊಂಡರೂ ಒಳಗಿನ ಅರ್ಧ ಆ್ಯಪ್‌ಗಳ ಗುಂಡಿ ಇಂಗ್ಲಿಷ್‌ನಲ್ಲೇ ಇರುತ್ತದೆ. ನೀವು “ಕಳಿಸು” ಅಂದರೆ ಗುಂಡಿಯ ಹೆಸರು “ಸೆಂಡ್”. ಎರಡನ್ನೂ ಯಾರಾದರೂ ಜೋಡಿಸಬೇಕು.

ಕಾಂಟ್ಯಾಕ್ಟ್ ಪಟ್ಟಿಯ ಕಥೆ ಇನ್ನೂ ಚೆಂದ. ನಾವು ಯಾರೂ ಪೂರ್ತಿ ಹೆಸರು ಬರೆದುಕೊಳ್ಳುವುದಿಲ್ಲ. ನನ್ನ ಫೋನಿನಲ್ಲಿ “ಟಿಲ್ಲರ್”, “ಗ್ಯಾಸ್ ಸಾಗರ”, “ಚಿಕ್ಕಿ ಹೊಸ ನಂಬರ್”, “ಕೊನೆಯವ” ಎಂದೆಲ್ಲ ಇವೆ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷ್‌ನಲ್ಲಿ ಬರೆದ ಕೊನೆಯನ್ನು ಕೊನೆ ಎಂದೂ ಓದಬಹುದು, ಕೋಣೆ ಎಂದೂ ಓದಬಹುದು, ಐಸ್‌ಕ್ರೀಮಿನ ಕೋನ್ ಎಂದೂ ಓದಬಹುದು. “ಕೊನೆಯವನಿಗೆ ಫೋನ್ ಮಾಡು” ಎಂದೆ. ನನ್ನ ಫೋನು ಪಟ್ಟಿಯ ಕಟ್ಟಕಡೆಯ ಹೆಸರು ಹುಡುಕಿತೋ ಏನೋ, ಎರಡು ವರ್ಷದಿಂದ ಮಾತು ಬಿಟ್ಟಿರುವ ಒಬ್ಬ ನೆಂಟರಿಗೆ ಕರೆ ಹೋಯಿತು. ಅವರು ಎತ್ತಿದರು. ಮಾತಾಡಲೇಬೇಕಾಯಿತು. ಆ ಪಟ್ಟಿಯನ್ನು ಕನ್ನಡ ಅಕ್ಷರದಲ್ಲಿ ತಿದ್ದಿಕೊಂಡ ಮೇಲೆ ತಪ್ಪು ಎಷ್ಟೋ ಕಡಿಮೆಯಾಗಿದೆ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ನಮ್ಮ ಮಾತಿನ ಬಗೆ. ಯಂತ್ರಕ್ಕೆ ಕಲಿಸಿದ ಕನ್ನಡ ಬಹುಪಾಲು ಓದಿ ಹೇಳಿದ ಕನ್ನಡ. ಮಲೆನಾಡಿನಲ್ಲಿ ಅರ್ಧ ಸ್ವರ ನುಂಗಿಯೇ ಮಾತಾಡುವುದು. “ಏನು” ಎಂಬಲ್ಲಿ “ಎಂತ”. ಹವ್ಯಕರ ಮನೆಯಲ್ಲಿ “ಗೊತ್ತಿಲ್ಲೆ”. ಇದರ ಮೇಲೆ ಬಾಯಲ್ಲಿ ಕವಳ, ಅಂದರೆ ಎಲೆಯಡಿಕೆ, ಇದ್ದರಂತೂ ಮುಗಿಯಿತು. ನಮ್ಮ ದೊಡ್ಡಮ್ಮ ಕವಳ ಹಾಕಿಕೊಂಡು ಹೇಳಿದ್ದು ನಮಗೆ ಅರ್ಥವಾಗುತ್ತದೆ, ಯಾಕೆಂದರೆ ನಾವು ಅವರ ಮುಖ ನೋಡುತ್ತಿರುತ್ತೇವೆ, ಆ ಹೊತ್ತಿಗೆ ಅವರಿಗೆ ಏನು ಬೇಕು ಅಂತಲೂ ಗೊತ್ತಿರುತ್ತದೆ. ಫೋನಿಗೆ ಬರೀ ಸದ್ದು.

ಈ ಕೊರತೆ ತುಂಬುವ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಎಂಬ ಸಂಸ್ಥೆ, ಗೂಗಲ್ ನೆರವಿನಿಂದ ನಡೆಸುತ್ತಿರುವ “ವಾಣಿ” ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಯಿಂದ ಮಾತು ಕೂಡಿಸುತ್ತಿದ್ದಾರೆ. ಪುಸ್ತಕ ಕೊಟ್ಟು ಓದಿಸುವುದಿಲ್ಲ. ಒಂದು ಚಿತ್ರ ತೋರಿಸಿ, ಇದರಲ್ಲಿ ಏನಿದೆ ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ಒಳ್ಳೆಯ ದಾರಿ. ಓದಲು ಕೊಟ್ಟರೆ ನಮ್ಮವರು ಕೂಡಲೇ ರೇಡಿಯೋದವರ ಹಾಗೆ ಮಾತಾಡಲು ಶುರು ಮಾಡುತ್ತಾರೆ.

ನೆಟ್‌ವರ್ಕ್ ವಿಷಯ ಎಲ್ಲರಿಗೂ ಗೊತ್ತಿರುವುದೇ. ನಿಮ್ಮ ಮಾತನ್ನು ಫೋನೇ ಬಿಡಿಸಿಕೊಂಡರೆ ಸಿಗ್ನಲ್ ಬೇಕಿಲ್ಲ. ದೂರದ ಸರ್ವರಿಗೆ ಕಳಿಸಿ ಬಿಡಿಸಿಕೊಂಡರೆ ಬೇಕು. ಶರಾವತಿ ಹಿನ್ನೀರಿನ ಆಚೆ ಕಾಡಿನ ಊರುಗಳಲ್ಲಿ ಕರೆ ಮಾಡಲು ಗುಡ್ಡ ಹತ್ತಿದವರಿಗೆ ಎರಡನೆಯದು ಕೊಟ್ಟೂ ಪ್ರಯೋಜನವಿಲ್ಲ. ನನ್ನ ಫೋನಿನಲ್ಲಿ ಡೇಟಾ ಆಫ್ ಮಾಡಿ ನೋಡಿದೆ. ಇಂಗ್ಲಿಷ್ ಹಾಗೇ ನಡೆಯಿತು, ಕನ್ನಡ ನಿಂತಿತು.

ಕೈ ಬಿಡುವಿಲ್ಲದ ಇನ್ನೊಂದು ಜಾಗ ಸ್ಟಿಯರಿಂಗ್. ಕೈಯಲ್ಲಿ ಫೋನು ಹಿಡಿದು ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಅಥವಾ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ ಎರಡೂ. 2020ರ ಅಕ್ಟೋಬರ್‌ನಿಂದ ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ, ಬಳಸಬಹುದು ಎಂದು ನಿಯಮ ಬದಲಾಯಿತು. ಹಾಗಾದರೆ ಬಾಯಲ್ಲಿ ಹೇಳಿದರೆ ಏನೂ ತೊಂದರೆ ಇಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೈ ಬಿಡುವಾಗಿರುತ್ತದೆ ನಿಜ, ತಲೆ ಬಿಡುವಾಗಿರುವುದಿಲ್ಲ. 2015ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎಎಎ ಫೌಂಡೇಷನ್‌ಗಾಗಿ ಯೂಟಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದಾಗ, ಮಾತಿನ ಆಜ್ಞೆ ಕೊಟ್ಟು ಮುಗಿದ ಮೇಲೂ 27 ಸೆಕೆಂಡಿನವರೆಗೆ ಓಡಿಸುವವರ ಗಮನ ಪೂರ್ತಿ ರಸ್ತೆಗೆ ಮರಳದೆ ಇದ್ದದ್ದು ಕಂಡುಬಂತು. ಆಗುಂಬೆ ಘಾಟಿಯಲ್ಲಿ 30 ಕಿ.ಮೀ. ವೇಗದಲ್ಲಿ ಹೋದರೂ 27 ಸೆಕೆಂಡಿಗೆ ಸುಮಾರು 225 ಮೀಟರ್ ಆಗುತ್ತದೆ. ಅಲ್ಲಿ 14 ತಿರುವುಗಳಿವೆ. ನಾನು ಘಾಟಿಯಲ್ಲಿ ಫೋನಿನ ಜೊತೆ ಮಾತು ಬಿಟ್ಟಿದ್ದೇನೆ.

ಕನ್ನಡದಲ್ಲಿ ಪರದೆ ನಡೆಸುವ ಸೌಲಭ್ಯ ಮಾಡುವವರಿಗೆ ನಿಜವಾಗಿ ಎಷ್ಟು ಪದ ಬೇಕು? ನಂಬರ್‌ಗಳ ಜೊತೆ ಒಂದಿಪ್ಪತ್ತು ಕ್ರಿಯಾಪದ ಸಾಕು ಅಂತ ನನ್ನ ಎಣಿಕೆ. ಆದರೆ ಯಾವ ಇಪ್ಪತ್ತು? ಕಳೆದ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಇದನ್ನು ಕೇಳಿಬಿಟ್ಟೆ. ಮೆಟ್ಟುಗತ್ತಿಯ ಮುಂದೆ ಐದಾರು ಜನ ಕೂತಿದ್ದರು. ಎಲ್ಲರ ಬೆರಳಿಗೂ ಅಡಿಕೆಯ ಕಲೆ. ಪರದೆಯ ಕೆಳಗಿನದನ್ನು ನೋಡಬೇಕು, ಫೋನಿಗೆ ಏನು ಹೇಳುತ್ತೀರಿ?

“ಕೆಳಗೆ ಹೋಗು” ಎಂದರು ಒಬ್ಬರು. “ಅಲ್ಲ, ಮೇಲೆ ತಳ್ಳು” ಎಂದರು ಇನ್ನೊಬ್ಬರು. ಎರಡೂ ಸರಿ. ಕಣ್ಣು ಕೆಳಗೆ ಹೋಗುತ್ತದೆ, ಬೆರಳು ಮೇಲೆ ತಳ್ಳುತ್ತದೆ. ಕಾಲೇಜಿಗೆ ಹೋಗುವ ಹುಡುಗಿ “ಸ್ಕ್ರಾಲ್ ಮಾಡು ಅಂದ್ರಾಯ್ತಪ್ಪ” ಎಂದಳು. ಅವಳ ತಾಯಿ “ಇನ್ನೂ ಸ್ವಲ್ಪ ತೋರ್ಸು” ಎಂದರು. ನನಗೆ ಹಿಡಿಸಿದ್ದು ಅದು. ದೊಡ್ಡಮ್ಮ ಕೈಯಲ್ಲಿದ್ದ ಅಡಿಕೆ ಸುಲಿದು ಮುಗಿಸಿ, “ನಾನು ಓದಿದ್ದು ಅದಕ್ಕೆ ಕಾಣೂದಿಲ್ವಾ? ಓದಿ ಆದ್ಮೇಲೆ ಅದೇ ಸರೀಲಿ” ಎಂದರು.

ಅತ್ತಿಗೆಯ ಬಾಯಿ ತುಂಬ ಕವಳ. ಅವರು ಮಾತಾಡಲಿಲ್ಲ, ನನ್ನನ್ನು ನೋಡಿ ಹುಬ್ಬು ಎತ್ತಿದರು. ಅದೂ ಆಗುತ್ತದೆ. 2021ರ ಆಂಡ್ರಾಯ್ಡ್ 12ರಿಂದ ಮುಂದಿನ ಕ್ಯಾಮೆರಾ ಮುಖ ನೋಡುತ್ತದೆ. ಹುಬ್ಬು ಎತ್ತಿದರೆ ಪರದೆ ಸರಿಯಲಿ, ನಕ್ಕರೆ ಗುಂಡಿ ಒತ್ತಿಕೊಳ್ಳಲಿ ಎಂದು ಇಟ್ಟುಕೊಳ್ಳಬಹುದು. ಅದಕ್ಕೆ ಇಂಗ್ಲಿಷೂ ಬೇಡ, ಕನ್ನಡವೂ ಬೇಡ.